ಬಿಳುಪಿನ ಲೆಕ್ಕ ಮಂಡ್ಯಕ್ಕೂ ಬೇಕು

"ಹಿಮಾಲಯದ ಹಿಮ ಕರಗಿದರೆ ಗಂಗೆಗೋ ಸಿಂಧೂವಿಗೋ ಕಷ್ಟ. ನಮ್ಮ ಕೆಆರ್‌ಎಸ್ ತುಂಬುವುದು ಕೊಡಗಿನ ಮಳೆಯಿಂದ. ನಮಗೆ ಹಿಮದ ಗೊಡವೆ ಯಾಕೆ?" ಹವಾಮಾನದ ಮಾತು ಬಂದಾಗಲೆಲ್ಲ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕೇಳಿಬರುವ ಮಾತಿದು. ರೈತರ ಬಾಯಲ್ಲಿ ಮಾತ್ರವಲ್ಲ, ವಿಜ್ಞಾನ ಪಾಠ ಮಾಡುವ ಮೇಷ್ಟರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಅರ್ಧ ನಿಜ ಇರುವುದರಿಂದಲೇ ಇದು ಇಷ್ಟು ಗಟ್ಟಿಯಾಗಿ ನಿಂತಿದೆ. ಕಾವೇರಿಗೆ ಹಿಮದ ನೀರಿಲ್ಲ. ಹೇಮಾವತಿ, ಲಕ್ಷ್ಮಣತೀರ್ಥ, ಶಿಂಷಾ ಯಾವುದಕ್ಕೂ ಇಲ್ಲ. ಮುಂಗಾರು ಕೈಕೊಟ್ಟ ವರ್ಷ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಗದ್ದೆಗಳು ಒಣಗುತ್ತವೆ. ಬದರಿ, ಕೇದಾರದಲ್ಲಿ ಆ ವರ್ಷ ಎಷ್ಟೇ ಹಿಮ ಬಿದ್ದಿರಲಿ, ಅದರ ಒಂದು ಹನಿಯೂ ಮದ್ದೂರಿನ ತೂಬಿಗೆ ಬರುವುದಿಲ್ಲ.

ಆದರೂ ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಹಿಮವೆಂದರೆ ನೀರಿನ ದಾಸ್ತಾನು ಎಂದಷ್ಟೇ ಇದು ತಿಳಿದಿದೆ. ಬಿಸಿಲನ್ನು ಬಂದ ದಾರಿಗೆ ಹಿಂದಕ್ಕಟ್ಟುವುದು ಹಿಮದ ಇನ್ನೊಂದು ಕೆಲಸ, ಹವಾಮಾನದ ಮಟ್ಟಿಗೆ ಅದೇ ದೊಡ್ಡ ಕೆಲಸ. ನೆಲಕ್ಕೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಬಾನಿಗೆ ಮರಳುತ್ತದೆ ಎಂಬುದನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಆಲ್ಬಿಡೊ ಎಂಬ ಹೆಸರು ಚಾಲ್ತಿಯಲ್ಲಿದೆ, ಕನ್ನಡದಲ್ಲಿ ಪ್ರತಿಫಲನಾಂಕ ಎನ್ನೋಣ. ಈಗಷ್ಟೇ ಬಿದ್ದ ಒಣ ಹಿಮದ್ದು 0.8ರಿಂದ 0.9. ಹಳೆಯದಾಗಿ ಕರಗತೊಡಗಿದ ಹಿಮದ್ದು 0.5ರ ಆಸುಪಾಸು, ಹಿಮದ ಹೊದಿಕೆ ಹೋಗಿ ಬತ್ತಲಾದ ಹಿಮನದಿಯ ಮಂಜುಗಡ್ಡೆಯದು ಇನ್ನೂ ಕಡಿಮೆ. ದಟ್ಟ ಕಾಡು 0.1ರಿಂದ 0.15, ಹಸಿರು ಬೆಳೆ 0.2ರ ಹತ್ತಿರ, ಆಳ ಸಮುದ್ರ 0.06.

ಮೋಡ, ಹಿಮ, ಕಡಲು, ಕಾಡು ಎಲ್ಲ ಸೇರಿಸಿದರೆ ಇಡೀ ಭೂಮಿಯದು ಸುಮಾರು 0.3. ಸರಾಸರಿ ಲೆಕ್ಕದಲ್ಲಿ ಭೂಮಿಯ ಪ್ರತಿ ಚದರ ಮೀಟರಿಗೆ ಸೂರ್ಯನಿಂದ 340 ವ್ಯಾಟ್ ಬರುತ್ತದೆ, ಅದರಲ್ಲಿ 100 ವ್ಯಾಟ್ ಹಿಂದಿರುಗುತ್ತದೆ. ಈ ಅಂಕ 0.30ರಿಂದ 0.29ಕ್ಕೆ ಇಳಿದರೆ ಚದರ ಮೀಟರಿಗೆ 3.4 ವ್ಯಾಟ್ ಹೆಚ್ಚು ಒಳಗುಳಿಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಬೀಳುವ ಹೊರೆ ಸುಮಾರು 4 ವ್ಯಾಟ್. ಅಂದರೆ ಎರಡನೆಯ ದಶಮಾಂಶದಲ್ಲಿ ಒಂದು ಅಂಕಿ ಅಲುಗಿದರೂ ಇಡೀ ಲೋಕದ ಹವೆ ಅಲುಗುತ್ತದೆ. ಇದನ್ನು ಮಂಡ್ಯದ ಕಬ್ಬು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನಿಂದ ತೆಗೆಯುವ ಸಕ್ಕರೆಯ ಪ್ರಮಾಣ, ಅಂದರೆ ಕಾರ್ಖಾನೆಯ ರಿಕವರಿ, ಶೇಕಡಾ 10.25ರ ಮೇಲೆ 0.1 ಏರಿದರೂ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಏರುತ್ತದೆ ಎಂಬುದು ಅವರಿಗೆ ಬಾಯಿಪಾಠ. ದಶಮಾಂಶ ಬಿಂದುವಿನಾಚೆಯ ಅಂಕಿಗಾಗಿ ಪಟ್ಟು ಹಿಡಿದು ಕೂತ ಜಿಲ್ಲೆಯಿದು. ಬಿಳುಪಿನ ಲೆಕ್ಕವೂ ಅಂಥದೇ.

ಇನ್ನೊಂದು ನಂಬಿಕೆ ಇದಕ್ಕಿಂತ ಆಳವಾಗಿ ಬೇರೂರಿದೆ. ಹಿಮ ಬಿಳಿ, ಬಿಳುಪು ಕಣ್ಣಿಗೆ ಕಾಣುತ್ತದೆ, ಅದರಲ್ಲಿ ಅಳೆಯುವುದೇನಿದೆ ಎನ್ನುವುದು. ಪಠ್ಯಪುಸ್ತಕದ ಚಿತ್ರಗಳೂ ಇದನ್ನೇ ಬಲಪಡಿಸಿವೆ: ಬಿಳಿ ಹಿಮದ ಮೇಲೆ ಬಿದ್ದ ಬಾಣ ಮೇಲಕ್ಕೆ ಹೋಗುತ್ತದೆ, ಕರಿ ಕಡಲಿನ ಮೇಲೆ ಬಿದ್ದ ಬಾಣ ಒಳಕ್ಕಿಳಿಯುತ್ತದೆ. ವಾಸ್ತವದಲ್ಲಿ ಸೂರ್ಯನಿಂದ ಬರುವ ಶಕ್ತಿಯ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿದೆ. ಆ ಕಿರಣಗಳ ಪಾಲಿಗೆ ಹಿಮ ಬಿಳಿಯಲ್ಲ. ಹೊಸ ಹಿಮದ ಹರಳು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಣ್ಣದು. ದಿನ ಕಳೆದಂತೆ, ಬಿಸಿಲು ತಾಗಿದಂತೆ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪಗಾಗುತ್ತವೆ. ದಪ್ಪ ಹರಳಿನೊಳಗೆ ಕಿರಣ ಹೆಚ್ಚು ದೂರ ಸಾಗಬೇಕು, ಸಾಗಿದಷ್ಟೂ ಹೀರಲ್ಪಡುತ್ತದೆ. ಹೀಗಾಗಿ ಒಂದು ಚೂರು ಕೊಳೆ ಬೀಳದಿದ್ದರೂ ಹಿಮ ವಯಸ್ಸಾದಂತೆ ಕಡಿಮೆ ಬಿಸಿಲನ್ನು ಹಿಂದಿರುಗಿಸುತ್ತದೆ. ಹೊಸ ಹಿಮ, ಹಳೆಯ ಹಿಮ ಎರಡರ ಫೋಟೊ ಪಕ್ಕಪಕ್ಕ ಇಟ್ಟರೆ ಎರಡೂ ಬೆಳ್ಳಗೇ ಇರುತ್ತವೆ.

ಆದ್ದರಿಂದಲೇ ಅಳತೆ ಬೇಕು. ನೆಲದ ಮೇಲಿನ ಅಳತೆಯ ಸಲಕರಣೆ ಸರಳವಾದದ್ದು. ಪೈರನೋಮೀಟರ್ ಎಂಬ ಬಿಸಿಲಿನ ಮಾಪಕಗಳು ಎರಡು, ಬೆನ್ನಿಗೆ ಬೆನ್ನು ಕೊಟ್ಟಂತೆ ಜೋಡಿಸಿದ್ದು. ಒಂದು ಬಾನನ್ನು ನೋಡುತ್ತದೆ, ಇನ್ನೊಂದು ನೆಲವನ್ನು. ಪ್ರತಿಯೊಂದರಲ್ಲೂ ಗಾಜಿನ ಬುರುಡೆಯೊಳಗೆ ಕಪ್ಪು ಬಳಿದ ಒಂದು ಬಿಲ್ಲೆ. ಬಿಸಿಲಿಗೆ ಅದು ಕಾದಷ್ಟಕ್ಕೆ ತಕ್ಕಂತೆ ಅತಿ ಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ. ಕೆಳಗಿನದರ ಅಂಕಿಯನ್ನು ಮೇಲಿನದರ ಅಂಕಿಯಿಂದ ಭಾಗಿಸಿದರೆ ಪ್ರತಿಫಲನಾಂಕ ಸಿಕ್ಕಿತು. ಕಷ್ಟ ಇರುವುದು ಸಲಕರಣೆ ನಿಲ್ಲಿಸುವುದರಲ್ಲಿ. ಮಟ್ಟ ಒಂದೆರಡು ಡಿಗ್ರಿ ತಪ್ಪಿದರೂ, ಸೂರ್ಯ ಕೆಳಗಿರುವ ಹೊತ್ತಿನಲ್ಲಿ ಲೆಕ್ಕವೇ ತಪ್ಪುತ್ತದೆ. ನೆಲ ಇಳಿಜಾರಾಗಿದ್ದರೆ ಅದಕ್ಕೆ ಬೇರೆ ತಿದ್ದುಪಡಿ. ಮೇಲಿನ ಬುರುಡೆಯ ಮೇಲೆ ಹಿಮ ಕೂತರೆ ಬಂದ ಬಿಸಿಲು ಕಡಿಮೆ ಎಂದು ದಾಖಲಾಗುತ್ತದೆ, ಆಗ ಬಿದ್ದದ್ದಕ್ಕಿಂತ ಹಿಂದಿರುಗಿದ್ದೇ ಹೆಚ್ಚು ಎಂಬ ಅಸಂಬದ್ಧ ಉತ್ತರ ಬರುತ್ತದೆ. ಅಳೆಯಲು ಹೋದವರ ನೆರಳೂ ಉಡುಪಿನ ಬಣ್ಣವೂ ಕೆಳಗಿನ ಮಾಪಕದ ಕಣ್ಣಿಗೆ ಬೀಳಬಾರದು. ಹಿಮಾಚಲದ ಸ್ಪಿತಿಯಲ್ಲಿ 13,500 ಅಡಿ ಎತ್ತರದಲ್ಲಿ 2016ರಲ್ಲಿ ಶುರುವಾದ ಹಿಮಾಂಶ್ ಎಂಬ ಹಿಮ ಸಂಶೋಧನಾ ಕೇಂದ್ರದಂಥ ಜಾಗದಲ್ಲಿ ಅಳತೆಗೆ ನಿಲ್ಲುವವರು ಇಷ್ಟೆಲ್ಲವನ್ನೂ ಕೊರೆಯುವ ಚಳಿಯಲ್ಲಿ ನೋಡಿಕೊಳ್ಳಬೇಕು.

ಉಪಗ್ರಹದ ಅಳತೆ ಬೇರೆಯದೇ ಕೆಲಸ. ಅದು ಒಂದು ಕ್ಷಣದಲ್ಲಿ, ಒಂದು ಕೋನದಿಂದ, ಕೆಲವೇ ಬಣ್ಣದ ಪಟ್ಟಿಗಳಲ್ಲಿ ನೋಡುತ್ತದೆ. ನಡುವಿನ ಗಾಳಿಯ ಪ್ರಭಾವ ಕಳೆದು, ಬೇರೆ ಬೇರೆ ಕೋನದ ನೋಟಗಳನ್ನು ಸೇರಿಸಿ ಒಟ್ಟು ಅಂಕ ಕಟ್ಟಬೇಕು. ಮೋಡವೂ ಬಿಳಿ, ಹಿಮವೂ ಬಿಳಿ. ಅವುಗಳನ್ನು ಬೇರ್ಪಡಿಸಲು 1.6 ಮೈಕ್ರೋಮೀಟರ್ ಅವಗೆಂಪು ಪಟ್ಟಿಯನ್ನು ನೋಡುತ್ತಾರೆ. ಅಲ್ಲಿ ಮೋಡ ಹೊಳೆಯುತ್ತದೆ, ಹಿಮ ಕಪ್ಪಗೆ ಕಾಣುತ್ತದೆ. ಹಿಮ ಬಿಳಿಯೆಂಬುದು ನಮ್ಮ ಕಣ್ಣಿನ ತೀರ್ಪು ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಹಿಮದ ಅಂಕ 0.85ರಿಂದ 0.80ಕ್ಕೆ ಇಳಿಯಿತು ಎನ್ನೋಣ. "ಐದು ಪೈಸೆ ಹೋಯಿತು, ಇನ್ನೂ ಎಂಬತ್ತು ಪೈಸೆ ಇದೆಯಲ್ಲ" ಎಂದು ತೋರುತ್ತದೆ. ಹಿಮದ ಕಡೆಯಿಂದ ನೋಡಿ: ಮೊದಲು ಅದು ಹೀರುತ್ತಿದ್ದದ್ದು 15, ಈಗ 20. ಒಳಗೆ ಬರುವ ಬಿಸಿಲು ಮೂರನೇ ಒಂದು ಭಾಗದಷ್ಟು ಹೆಚ್ಚಿತು. ಚದರ ಮೀಟರಿಗೆ 800 ವ್ಯಾಟ್ ಬಿಸಿಲಿರುವ ಹೊತ್ತಿನಲ್ಲಿ ಆ ಐದು ಅಂಶವೆಂದರೆ 40 ವ್ಯಾಟ್. ಕರಗುವ ಹದಕ್ಕೆ ಬಂದ ಹಿಮದಲ್ಲಿ ಇಷ್ಟು ಶಾಖ ಗಂಟೆಗೆ ಚದರ ಮೀಟರಿಗೆ 400 ಗ್ರಾಂಗಿಂತ ಹೆಚ್ಚು ನೀರು ಮಾಡಬಲ್ಲದು. ಕರಗಿದಷ್ಟೂ ಹರಳು ದಪ್ಪವಾಗುತ್ತದೆ, ಅಂಕ ಮತ್ತಷ್ಟು ಇಳಿಯುತ್ತದೆ. ತನ್ನನ್ನು ತಾನೇ ತಳ್ಳಿಕೊಂಡು ಹೋಗುವ ಈ ಚಕ್ರವನ್ನು ರಷ್ಯಾದ ಬುಡಿಕೊ ಮತ್ತು ಅಮೆರಿಕದ ಸೆಲ್ಲರ್ಸ್ 1969ರಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ ತೋರಿಸಿದರು.

ಇದರ ಮೇಲೆ ಮಸಿ ಬಿದ್ದರೆ? ವಿಜ್ಞಾನಿಗಳಾದ ವಾರೆನ್ ಮತ್ತು ವಿಸ್ಕೋಂಬ್ 1980ರಲ್ಲಿ ಮಾಡಿದ ಲೆಕ್ಕ ಇಂದಿಗೂ ಆಧಾರವಾಗಿದೆ. ಒಂದು ಟನ್ ಹಿಮದಲ್ಲಿ 50 ಮಿಲಿಗ್ರಾಂ ಮಸಿ ಬೆರೆತರೆ ನೋಡುವ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಆದರೆ ಕಾಣುವ ಬೆಳಕಿನ ಪ್ರತಿಫಲನ ಶೇಕಡಾ ಒಂದೆರಡು ಇಳಿದಿರುತ್ತದೆ. ಹಿಮ ಹಳೆಯದಾದರೆ ಅದೇ ಮಸಿ ಇನ್ನೂ ಹೆಚ್ಚು ಕೆಲಸ ಮಾಡುತ್ತದೆ. ಹಿಮ ಮತ್ತು ಮಸಿಯ ಸಂಶೋಧನೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಲಕರ್ಣಿ, ಜೆ. ಶ್ರೀನಿವಾಸನ್, ಎಸ್.ಕೆ. ಸತೀಶ್ ಮತ್ತು ಜೊತೆಗಾರರು ಹಿಮಾಚಲದ ಬಸ್ಪಾ ಕಣಿವೆಯ ಹಿಮದ ಪ್ರತಿಫಲನವನ್ನು ಉಪಗ್ರಹ ಚಿತ್ರಗಳಿಂದ ತೆಗೆದು, ಮಸಿಯ ಪ್ರಭಾವ ಎಷ್ಟೆಂದು ಪರೀಕ್ಷಿಸಿದರು. ಬೆಂಗಳೂರಿನದೇ ಆದ ಭಾರತೀಯ ಖಭೌತ ಸಂಸ್ಥೆಯ ಲಡಾಖಿನ ಹಾನ್ಲೆ ವೀಕ್ಷಣಾಲಯದಲ್ಲಿ, 4,500 ಮೀಟರ್ ಎತ್ತರದಲ್ಲಿ, ಗಾಳಿಯಲ್ಲಿನ ಮಸಿಯನ್ನು ಅಳೆಯಲಾಗುತ್ತಿದೆ. ಕಾವೇರಿ ಸೀಮೆಯ ಜನ ಹಿಮದ ಗೊಡವೆ ನಮಗೇಕೆ ಎನ್ನುವಾಗ, ನೂರು ಕಿಲೋಮೀಟರ್ ಆಚೆ ಕೂತು ಕೆಲವರು ಬದುಕನ್ನೇ ಆ ಗೊಡವೆಗೆ ಕೊಟ್ಟಿದ್ದಾರೆ.

ಇಲ್ಲಿ ಪರಿಸರದ ಪರ ಮಾತಾಡುವವರ ಒಂದು ಮಾತನ್ನೂ ತಿದ್ದಬೇಕಾಗಿದೆ. ಕಬ್ಬಿನ ತರಗಿಗೆ ಬೆಂಕಿ ಹಾಕಬೇಡಿ, ನಿಮ್ಮ ಹೊಗೆ ಹಿಮಾಲಯ ಕರಗಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಉದ್ದೇಶ ಒಳ್ಳೆಯದು, ಮಾತು ನಿಲ್ಲುವುದಿಲ್ಲ. ಮಸಿ ಗಾಳಿಯಲ್ಲಿ ಉಳಿಯುವುದು ಸುಮಾರು ಒಂದು ವಾರ. ಚಳಿಗಾಲದಲ್ಲಿ ನಮ್ಮ ಕಡೆ ಬೀಸುವುದು ಈಶಾನ್ಯದ ಗಾಳಿ, ಅದು ಹೊಗೆಯನ್ನು ಅರಬ್ಬಿ ಸಮುದ್ರದ ಕಡೆಗೆ ಒಯ್ಯುತ್ತದೆ. ಬೆಂಗಳೂರಿನಲ್ಲೇ ಓದಿದ ಹವಾಮಾನ ವಿಜ್ಞಾನಿ ವಿ. ರಾಮನಾಥನ್ ಮುಂದಾಳಾಗಿದ್ದ ಇಂಡೋಎಕ್ಸ್ ಅಧ್ಯಯನ 1999ರಲ್ಲಿ ಕಂಡ ಹೊಗೆಯ ಕಂದು ಮೋಡ ಹರಡಿದ್ದದ್ದು ಹಿಂದೂ ಮಹಾಸಾಗರದ ಮೇಲೆ. ಹಿಮಾಲಯದ ದಕ್ಷಿಣ ಇಳುಕಲಿಗೆ ಹೋಗುವ ಮಸಿಯಲ್ಲಿ ಹೆಚ್ಚಿನದು ಗಂಗಾ ಬಯಲಿನ ಒಲೆ, ವಾಹನ, ಇಟ್ಟಿಗೆ ಗೂಡು, ಸುಡುವ ಗದ್ದೆ ಮತ್ತು ಬೆಟ್ಟದ ಕಾಳ್ಗಿಚ್ಚುಗಳಿಂದ. ಮಳವಳ್ಳಿಯ ರೈತನ ತಲೆಗೆ ಗಂಗೋತ್ರಿಯ ಪಾಪ ಕಟ್ಟುವುದು ಅನ್ಯಾಯ. ಸುಳ್ಳು ಕಾರಣ ಕೊಟ್ಟು ಒಳ್ಳೆಯ ಕೆಲಸ ಮಾಡಿಸಲು ಹೊರಟರೆ, ಸುಳ್ಳು ಬಯಲಾದ ದಿನ ಕೆಲಸವೂ ನಿಲ್ಲುತ್ತದೆ.

ಹಾಗಾದರೆ ಹಿಮಕ್ಕೂ ಮಂಡ್ಯಕ್ಕೂ ನಂಟು ಎಲ್ಲಿದೆ? ಒಂದು ನಂಟು ಮುಂಗಾರಿನದು. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ 1876–78ರ ಬರದ ನಂತರ, ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ 1884ರಲ್ಲಿ ಒಂದು ಸಂಬಂಧ ಗುರುತಿಸಿದರು: ಹಿಮಾಲಯದಲ್ಲಿ ವಸಂತದ ತನಕ ಹಿಮ ಹೆಚ್ಚು ಉಳಿದ ವರ್ಷ ಮುಂಗಾರು ಸೊರಗುತ್ತದೆ. ಹಿಮ ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಉಳಿದ ಬಿಸಿಲೂ ಅದನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ, ನೆಲ ಕಾಯುವುದು ತಡವಾಗುತ್ತದೆ, ಕಡಲ ಗಾಳಿಯನ್ನು ಎಳೆಯುವ ಸೆಳೆತ ತಗ್ಗುತ್ತದೆ. ಭಾರತದ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆ 1886ರಲ್ಲಿ ಹೊರಟದ್ದು ಈ ಹಿಮದ ಲೆಕ್ಕದ ಮೇಲೆಯೇ. 1976ರಲ್ಲಿ ಹಾನ್ ಮತ್ತು ಜಗದೀಶ ಶುಕ್ಲಾ ಉಪಗ್ರಹದ ಚಿತ್ರಗಳಿಂದ ಯುರೇಷ್ಯಾದ ಹಿಮಕ್ಕೂ ಇದೇ ಬಗೆಯ ಸಂಬಂಧ ತೋರಿಸಿದರು. ಇದು ನೇರ ನೂಲಲ್ಲ. ಪೆಸಿಫಿಕ್ ಸಾಗರದ ಎಲ್ ನಿನೊ ಅದನ್ನು ಎಷ್ಟೋ ಸಲ ಮೀರಿಸುತ್ತದೆ, ಇತ್ತೀಚಿನ ದಶಕಗಳಲ್ಲಿ ಆ ಸಂಬಂಧ ಸಡಿಲವೂ ಆಗಿದೆ. ಆದರೆ ಇವತ್ತು ಮುಂಗಾರು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ನೆಲದ ಪ್ರತಿ ಚೌಕಕ್ಕೂ ಒಂದು ಪ್ರತಿಫಲನಾಂಕ ಕೊಡದೆ ಒಂದು ಹೆಜ್ಜೆ ಮುಂದಿಡುವುದಿಲ್ಲ. ಹಿಮದ ಅಂಕ ತಪ್ಪಿದರೆ ಮುನ್ಸೂಚನೆಯೂ ತಪ್ಪುವ ದಾರಿ ಹಿಡಿಯುತ್ತದೆ. ಕೆಆರ್‌ಎಸ್ ಕಟ್ಟೆಯ ಮಟ್ಟವನ್ನು ದಿನಾ ಪತ್ರಿಕೆಯಲ್ಲಿ ಹುಡುಕಿ ಓದುವ ಜಿಲ್ಲೆಗೆ ಇದು ದೂರದ ವಿಷಯವಲ್ಲ.

ಎರಡನೆಯ ನಂಟು ನನಗೆ ಹೆಚ್ಚು ಮುಖ್ಯ. ಹಿಮ ಕಲಿಸಿದ ಲೆಕ್ಕ ಎಲ್ಲ ನೆಲಕ್ಕೂ ಅನ್ವಯಿಸುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಎರಡೂ ಬದಿ ನೋಡಿ. ಕಬ್ಬು ಕಡಿದ ತಾಕಿನಲ್ಲಿ ತರಗು ಹಾಸಿ ಬಿದ್ದಿರುತ್ತದೆ, ಒಣ ಹುಲ್ಲಿನ ಬಣ್ಣ, ನಡುಮಧ್ಯಾಹ್ನ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ಪಕ್ಕದ ತಾಕಿಗೆ ಹಿಂದಿನ ಸಂಜೆ ಬೆಂಕಿ ಬಿದ್ದಿದ್ದರೆ ಅದು ಕಪ್ಪು: ಬೂದಿಯಡಿ ಕರಕಲು, ಸಾಲಿನುದ್ದಕ್ಕೂ ಸುಟ್ಟ ಮೋಟು, ಬದುವಿನ ಹುಲ್ಲೂ ತುದಿಯಲ್ಲಿ ಕಮರಿರುತ್ತದೆ. ತರಗು ಹೊದ್ದ ನೆಲದ ಪ್ರತಿಫಲನ ಸುಮಾರು ಕಾಲು ಭಾಗ, ಸುಟ್ಟು ಕಪ್ಪಾದದ್ದು ಹತ್ತನೇ ಒಂದು ಭಾಗದ ಆಸುಪಾಸು. ಏಪ್ರಿಲ್ ತಿಂಗಳ ನಡುಹಗಲಿನ ಬಿಸಿಲಿನಲ್ಲಿ ಈ ವ್ಯತ್ಯಾಸ ಎಕರೆಗೆ ಸುಮಾರು 500 ಕಿಲೋವ್ಯಾಟ್. ಅಷ್ಟು ಶಾಖ ಕೂಳೆ ಕಬ್ಬಿನ ಮೊಳಕೆ ಏಳಬೇಕಾದ ಮಣ್ಣಿನ ಮೇಲೆ ಬಿದ್ದು, ಇರುವ ತೇವವನ್ನೂ ಒಯ್ಯುತ್ತದೆ. ಒಂದೆರಡು ಮಳೆಗೆ, ಒಂದು ಉಳುಮೆಗೆ ಈ ಕರಿ ಮಾಸುತ್ತದೆ ಎಂಬುದು ನಿಜ. ಆದರೆ ಮಳೆಯಿಲ್ಲದ, ನಾಲೆಗೆ ನೀರು ಬಿಡದ ವಾರಗಳಲ್ಲೇ ಅದು ಅತಿ ಹೆಚ್ಚು ಕೆಲಸ ಮಾಡುವುದು.

"ಕಬ್ಬಿನ ಗದ್ದೆ ತಂಪು, ಹಸಿರು ಇದ್ದರೆ ಸಾಕು" ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಬೇಕು. ಬ್ರೆಜಿಲ್‌ನ ಕಬ್ಬಿನ ಸೀಮೆಯ ಮೇಲೆ ಲೋರಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ಸಹಜ ಕುರುಚಲು ಕಾಡು ಕಡಿದು ಹೊಲ, ಹುಲ್ಲುಗಾವಲು ಮಾಡಿದ ಕಡೆ ನೆಲ 1.55 ಡಿಗ್ರಿ ಬೆಚ್ಚಗಾಗಿತ್ತು. ಅಂಥ ಹೊಲ, ಹುಲ್ಲುಗಾವಲು ಕಬ್ಬಿಗೆ ತಿರುಗಿದ ಕಡೆ 0.93 ಡಿಗ್ರಿ ತಂಪಾಗಿತ್ತು. ಆ ತಂಪಿನಲ್ಲಿ ಪ್ರತಿಫಲನದ ಪಾಲಿದೆ, ಎಲೆಗಳು ಉಸಿರಾಡಿ ಬಿಟ್ಟ ನೀರಿನ ಪಾಲೂ ಇದೆ. ನಮ್ಮಲ್ಲಿ ಆ ನೀರು ಕಾವೇರಿಯದು, ಜಗಳವಾಡಿ ಪಡೆದದ್ದು, ಕೊನೆಭಾಗಕ್ಕೆ ತಡವಾಗಿ ತಲಪುವಂಥದು. ಪ್ರತಿಫಲನದಿಂದ ಸಿಗುವ ತಂಪಿಗೆ ನೀರು ಬೇಡ. ಯುರೋಪಿನ ಹೊಲಗಳನ್ನು ಕುರಿತು ದವಾನ್, ಸೆನೆವಿರತ್ನೆ ಮತ್ತು ಜೊತೆಗಾರರು 2014ರಲ್ಲಿ ತೋರಿಸಿದ್ದು ಇದನ್ನೇ: ಉಳದೆ, ಬೆಳೆಯ ಉಳಿಕೆಯನ್ನು ಹೊಲದಲ್ಲೇ ಬಿಟ್ಟರೆ ಅತಿ ಬಿಸಿಯ ದಿನಗಳ ಉಷ್ಣಾಂಶ 2 ಡಿಗ್ರಿಯಷ್ಟು ಇಳಿಯಬಲ್ಲದು. ಮೋಡವಿಲ್ಲದ ಉರಿಬಿಸಿಲಿನ ದಿನವೇ ಅದರ ಫಲ ಹೆಚ್ಚು.

ಮಸಿಯ ಮಾತು ಬಂದ ಮೇಲೆ ಬೆಲ್ಲ ಕಾಯಿಸುವ ಆಲೆಮನೆಯ ಮಾತೂ ಹೇಳಬೇಕು. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ಕೊಪ್ಪರಿಗೆಯಡಿ ಉರಿಸುವುದು ಹಳೆಯ, ಬುದ್ಧಿವಂತ ಪದ್ಧತಿ. ಸಿಪ್ಪೆ ಹಸಿಯಿದ್ದಾಗ, ಒಲೆಗೆ ಗಾಳಿ ಸಾಲದಾದಾಗ ಮಸಿ ಏಳುತ್ತದೆ. ಸಿಪ್ಪೆ ಸಾಲದೆ ಟೈರು, ಪ್ಲಾಸ್ಟಿಕ್ ಉರಿಸುವ ಕಡೆ ಅದು ವಿಷವೇ ಆಗುತ್ತದೆ. ಆ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕೂತ ಕೆಲಸಗಾರರ ಶ್ವಾಸಕೋಶಕ್ಕೆ. ಅದನ್ನು ನಿಲ್ಲಿಸಲು ಅಷ್ಟೇ ಕಾರಣ ಸಾಕು.

ತರಗು ಸುಡುವ ರೈತರನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. ಎಕರೆಗೆ 3–4 ಟನ್ ತರಗು ಬೀಳುತ್ತದೆ, ಅದನ್ನು ಸಾಲಿಗೆ ಎಳೆಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ, ಬೆಂಕಿಕಡ್ಡಿಗೆ ಖರ್ಚಿಲ್ಲ. ತರಗಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ತಾನಾಗಿ ಕೊಳೆಯಲು ತಿಂಗಳುಗಳು ಬೇಕು. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ, ಸ್ವಲ್ಪ ಯೂರಿಯಾ ಮತ್ತು ಕೊಳೆಸುವ ಜೀವಾಣು ಎರಚಿದರೆ ಕೆಲಸ ಬೇಗ ಮುಗಿಯುತ್ತದೆ. ಅದನ್ನು ಒದಗಿಸುವ ಹೊಣೆ ಕೃಷಿ ಇಲಾಖೆಯದು ಮತ್ತು ಕಬ್ಬು ಒಯ್ಯುವ ಕಾರ್ಖಾನೆಗಳದು.

ಇದಕ್ಕಿಂತ ಮೊದಲು ನಮಗೆ ಬೇಕಿರುವುದು ನಮ್ಮದೇ ಅಂಕಿ. ಮೇಲೆ ಕೊಟ್ಟ ಕಾಲು ಭಾಗ, ಹತ್ತನೇ ಒಂದು ಭಾಗ ಎಂಬವು ಲೋಕದ ಬೇರೆ ಬೇರೆ ಹೊಲಗಳಿಂದ ಬಂದ ಅಂದಾಜು. ಜಗತ್ತಿಗೆಲ್ಲ ಪ್ರತಿಫಲನಾಂಕ ಒದಗಿಸುವ ಮೋಡಿಸ್ ಉಪಗ್ರಹ ಮಾಪಕದ ಒಂದು ಚೌಕದ ಬದಿ 500 ಮೀಟರ್, ಅಂದರೆ 60 ಎಕರೆಗೂ ಮೇಲೆ. ಎಕರೆ, ಎರಡೆಕರೆ ಹಿಡುವಳಿಯ ನಮ್ಮ ಸೀಮೆಯಲ್ಲಿ ಅಂಥ ಒಂದು ಚೌಕದೊಳಗೆ ಕಬ್ಬು, ಭತ್ತ, ತೆಂಗಿನ ತೋಟ, ಹಿಪ್ಪುನೇರಳೆ, ಒಂದು ಕಟ್ಟೆ, ಅರ್ಧ ಊರು ಸೇರಿಹೋಗುತ್ತವೆ. ಸುಟ್ಟ ಅರ್ಧ ಎಕರೆ ಆ ಸರಾಸರಿಯಲ್ಲಿ ಮಾಯವಾಗುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ 10–20 ಮೀಟರಿನಷ್ಟು ಸೂಕ್ಷ್ಮವಾಗಿ ನೋಡುತ್ತದೆ, ಆದರೆ ಅದರ ನೋಟವನ್ನು ನೆಲದ ಮೇಲೆ ನಿಂತು ತಾಳೆ ನೋಡಬೇಕು.

ಮಂಡ್ಯದ ವಿ.ಸಿ. ಫಾರಂ ಆ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ವಿಸಿಎಫ್ 0517ನಂಥ ಕಬ್ಬಿನ ತಳಿ ಕೊಟ್ಟ ಸಂಶೋಧನಾ ಕೇಂದ್ರ ಅದು. ಇಳುವರಿ, ಸಕ್ಕರೆ ಅಂಶ ಅಳೆಯುವುದರಲ್ಲಿ ನುರಿತದ್ದು. ಪಕ್ಕಪಕ್ಕದ ಎರಡು ತಾಕುಗಳಲ್ಲಿ, ಒಂದರಲ್ಲಿ ತರಗು ಹಾಸಿ ಒಂದರಲ್ಲಿ ಸುಟ್ಟು, ಎರಡರ ಮೇಲೂ ಜೋಡಿ ಪೈರನೋಮೀಟರ್ ನಿಲ್ಲಿಸಿ, ಕೂಳೆ ಬೆಳೆದು ನೆಲ ಮುಚ್ಚುವವರೆಗೆ ಅಳೆಯಲಿ. ಮಣ್ಣಿನ ತೇವ, ಉಷ್ಣಾಂಶಗಳನ್ನೂ ಜೊತೆಗೆ ಬರೆದಿಡಲಿ. ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಲಿ, ಮಳವಳ್ಳಿಯ ರೈತ ಸಂಪರ್ಕ ಕೇಂದ್ರದ ಗೋಡೆಗೂ ಬರಲಿ.

ಓದುವ ರೈತರಲ್ಲಿ ಒಂದು ಕೋರಿಕೆ. ಈ ಸಲ ಕಬ್ಬು ಕಡಿದ ಮೇಲೆ ಒಂದು ತಾಕನ್ನಾದರೂ ಸುಡದೆ ಬಿಡಿ. ಮಧ್ಯಾಹ್ನ ಎರಡು ಗಂಟೆಗೆ ಎರಡೂ ಕಡೆ ಮೂರು ಬೆರಳು ಆಳದಲ್ಲಿ ಮಣ್ಣಿನ ಬಿಸಿ ಅಳೆದು, ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಇಲಾಖೆಯವರು ಊರಿಗೆ ಬಂದಾಗ ಆ ಹಾಳೆಯನ್ನು ಅವರ ಮುಂದಿಟ್ಟು ತರಗು ಪುಡಿ ಮಾಡುವ ಯಂತ್ರ ಕೇಳಿ.